ಮಗಳಿಗೊಂದು ಪತ್ರ: ಹಾಯಿ ಹಿಡಿದು ಕಡಲಿಗೆ ಇಳಿಯುವ ಮುನ್ನ

ಪ್ರೀತಿಯ ಪುಟ್ಟಿ,

ಬೋರ್ಡಿನ ಮೇಲೆ ನಿಂತು ಹಾಯಿ ಹಿಡಿದು ಸಾಗುವ ವಿಂಡ್‌ಸರ್ಫಿಂಗ್ ತರಬೇತಿ ಮುಗಿಯಿತು, ಇನ್ನು ಗೆಳತಿಯರ ಜೊತೆ ನೀವೇ ಬೋರ್ಡ್ ತೆಗೆದುಕೊಂಡು ಸಮುದ್ರಕ್ಕೆ ಇಳಿಯುತ್ತೀರೆಂದು ಬರೆದಿದ್ದೀಯ. ಬಹಳ ಖುಷಿಯಾಯಿತು. ಇಲ್ಲಿಯವರೆಗೆ ಗಾಳಿ ನೋಡುವುದು, ಹಾಯಿ ಆರಿಸುವುದು, ಹೊತ್ತಾಯಿತು ಬನ್ನಿ ಎಂದು ಕರೆಯುವುದು ಎಲ್ಲ ಗುರುಗಳ ಕೆಲಸವಾಗಿತ್ತು. ಬೆನ್ನಿಗೆ ರಕ್ಷಣಾ ದೋಣಿಯೂ ಇತ್ತು. ಇನ್ನು ಅದೆಲ್ಲ ನಿನ್ನ ತಲೆಯ ಮೇಲೆ. ವಿಂಡ್‌ಸರ್ಫಿಂಗ್‌ನಲ್ಲಿ ದಡ ಬಿಟ್ಟು ಹೋಗುವುದು ಸುಲಭ, ಹೊರಟ ಜಾಗಕ್ಕೇ ಮರಳುವುದು ಕಷ್ಟ. ಅದಕ್ಕೇ ಈ ಪತ್ರದ ಬಹುಪಾಲು ಮರಳಿ ಬರುವುದರ ಬಗ್ಗೆಯೇ.

ಬೋರ್ಡ್ ಇಳಿಸುವ ಮೊದಲು ಕಡಲಿಗೆ ಮುಖ ಮಾಡಿ ಹತ್ತು ನಿಮಿಷ ಸುಮ್ಮನೆ ನಿಲ್ಲು. ಗಾಳಿ ಮುಖಕ್ಕೆ ಬಡಿದರೆ ಅದು ಕಡಲಿಂದ ದಡಕ್ಕೆ ಬೀಸುವ ಗಾಳಿ. ಏನೇ ಕೆಟ್ಟರೂ ನಿನ್ನನ್ನು ದಡಕ್ಕೇ ತಳ್ಳುತ್ತದೆ, ಆದರೆ ಅಲೆ ದಾಟಿ ಹೊರಹೋಗುವುದೇ ಹರಸಾಹಸ. ಎಡ ಅಥವಾ ಬಲ ಕೆನ್ನೆಗೆ ಬಡಿದರೆ ದಡದ ಉದ್ದಕ್ಕೆ, ತುಸು ದಡದ ಕಡೆಗೆ ವಾಲಿ ಬೀಸುತ್ತಿದೆ ಎಂದರ್ಥ. ನಿನಗೆ ಬೇಕಾದದ್ದು ಇದೇ: ಹೋಗುವಾಗಲೂ ಬರುವಾಗಲೂ ಗಾಳಿ ಪಕ್ಕದಿಂದ ಸಿಗುತ್ತದೆ. ಬೆನ್ನಿಗೆ ಬಡಿದರೆ ಆ ದಿನ ಇಳಿಯಬೇಡ.

ದಡದಿಂದ ಕಡಲಿಗೆ ಬೀಸುವ ಈ ಗಾಳಿ ಎಲ್ಲಕ್ಕಿಂತ ಮೋಸದ್ದು. ಮರ, ಕಟ್ಟಡ, ಗುಡ್ಡಗಳ ಮರೆಯಲ್ಲಿ ದಡದ ಹತ್ತಿರ ಅದು ಮೆಲ್ಲಗೆ ಬೀಸುತ್ತದೆ. ಅಲೆ ಏಳಲು ನೀರಿನ ಮೇಲೆ ದೂರ ಸಾಲದ್ದರಿಂದ ಕಡಲು ಕೆರೆಯ ಹಾಗೆ ಮಟ್ಟಸವಾಗಿ ಕಾಣುತ್ತದೆ. ಕಲಿಯಲು ಇದಕ್ಕಿಂತ ಒಳ್ಳೆಯ ದಿನವಿಲ್ಲ ಎನಿಸುತ್ತದೆ. ಕೆಲವು ನೂರು ಮೀಟರ್ ಒಳಗೆ ಹೋದ ಮೇಲೆ ಮರೆ ತಪ್ಪಿ ಗಾಳಿ ಜೋರಾಗುತ್ತದೆ, ಅಲೆ ಏಳುತ್ತದೆ, ಹಾಯಿ ಎತ್ತಲಾಗದೆ ನೀರಿಗೆ ಬಿದ್ದಷ್ಟು ಸಲವೂ ನೀನು ಇನ್ನಷ್ಟು ದೂರ ಸರಿಯುತ್ತೀಯ. ಬಿಸಿಲಿನ ದಿನಗಳಲ್ಲಿ ರಾತ್ರಿಯಿಂದ ಬೆಳಗಿನವರೆಗೆ ನೆಲದಿಂದ ಕಡಲಿಗೆ ಗಾಳಿ ಇರುತ್ತದೆ. ನೆಲ ಕಾದ ಮೇಲೆ ಅದು ತಿರುಗಿ, ಮಧ್ಯಾಹ್ನ ಕಡಲ ಗಾಳಿ ಬಲವಾಗಿ, ಸಂಜೆಗೆ ಸತ್ತುಹೋಗುತ್ತದೆ. ಹಾಗಾಗಿ ಸೂರ್ಯ ಮುಳುಗಲು ಒಂದು ಗಂಟೆ ಇರುವಾಗಲೇ ದಡದಲ್ಲಿರು. ಗಾಳಿ ಸತ್ತ ಮೇಲೆ ಕತ್ತಲಲ್ಲಿ ಕೈಯಿಂದ ಹುಟ್ಟು ಹಾಕಿಕೊಂಡು ಬರುವ ಪರಿಸ್ಥಿತಿ ತಂದುಕೊಳ್ಳಬೇಡ.

ವೇಗದ ವಿಚಾರ. ಮುನ್ಸೂಚನೆಗಳು ನಾಟ್ ಲೆಕ್ಕದಲ್ಲಿರುತ್ತವೆ. 1 ನಾಟ್ ಎಂದರೆ ಗಂಟೆಗೆ 1.85 ಕಿ.ಮೀ. ಈಗಿನ ನಿನ್ನ ಹಂತಕ್ಕೆ 8ರಿಂದ 12 ನಾಟ್ ಸಾಕು. ನೀರಿನ ಮೇಲೆ ಎಲ್ಲೆಡೆ ಬಿಳಿ ನೊರೆ ಕಾಣತೊಡಗಿತೆಂದರೆ ಅದು ದಾಟಿದೆ ಎಂದು ತಿಳಿ. ಸರಾಸರಿ ವೇಗದ ಪಕ್ಕದಲ್ಲೇ ಬೀಸುಗಾಳಿಯ (ಒಮ್ಮೆಲೇ ಜೋರಾಗುವ ಗಾಳಿಯ) ಅಂಕಿಯೂ ಇರುತ್ತದೆ, ಅದನ್ನು ನೋಡಿ ಹಾಯಿ ಆರಿಸು. ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 12 ನಾಟ್ ಇದ್ದದ್ದು 17 ಆದರೆ ನಿನ್ನ ತೋಳಿನ ಮೇಲಿನ ಎಳೆತ ದುಪ್ಪಟ್ಟಾಗುತ್ತದೆ. ಎರಡು ಅಳತೆಯ ಹಾಯಿಗಳ ನಡುವೆ ಅನುಮಾನ ಬಂದರೆ ಚಿಕ್ಕದನ್ನೇ ಕಟ್ಟು.

ನೀರಿನ ಹರಿವನ್ನು ಹೊಸಬರು ಮರೆಯುವುದೇ ಹೆಚ್ಚು. ಉಬ್ಬರ ಇಳಿತದ ಪಟ್ಟಿ ನೋಡದೆ ಹೊರಡಬೇಡ. ಉಬ್ಬರದಿಂದ ಇಳಿತಕ್ಕೆ ಸುಮಾರು ಆರು ಗಂಟೆ ಹಿಡಿಯುತ್ತದೆ. ಅದರಲ್ಲಿ ಮೂರನೆಯ ಮತ್ತು ನಾಲ್ಕನೆಯ ಗಂಟೆಯಲ್ಲೇ ಅರ್ಧದಷ್ಟು ನೀರು ಸರಿದುಹೋಗುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಹರಿವು ಇನ್ನೂ ಜೋರು. 2 ನಾಟ್ ಹರಿವು ಕೇಳಲು ಕಡಿಮೆಯೆನಿಸಬಹುದು, ಅರ್ಧ ಗಂಟೆಯಲ್ಲಿ ಅದು ನಿನ್ನನ್ನು 1.8 ಕಿ.ಮೀ. ದೂರ ಒಯ್ಯುತ್ತದೆ, ಅದರ ವಿರುದ್ಧ ಈಜಿ ಗೆಲ್ಲುವುದು ಸಾಮಾನ್ಯ ಈಜುಗಾರರಿಗೆ ಸಾಧ್ಯವಿಲ್ಲ. ಗಾಳಿ ಒಂದು ಕಡೆಗೆ, ಹರಿವು ಎದುರು ಕಡೆಗೆ ಇದ್ದರೆ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒತ್ತೊತ್ತಾಗಿ ಏಳುತ್ತವೆ. ಅಳಿವೆಯ ಬಾಯಿಯಲ್ಲಿ ಇಳಿತದ ಹೊತ್ತಿಗೆ ಇವೆಲ್ಲ ಒಟ್ಟಿಗೇ ಸೇರುತ್ತವೆ, ಅಲ್ಲಿಗೆ ಹೋಗಲೇಬೇಡ. ಎಷ್ಟು ಸರಿಯುತ್ತಿದ್ದೀಯೆಂದು ತಿಳಿಯಲು ದಡದಲ್ಲಿ ಒಂದರ ಹಿಂದೊಂದು ಇರುವ ಎರಡು ಗುರುತು ಹಿಡಿದುಕೋ, ಮುಂದೊಂದು ಕಂಬ, ಹಿಂದೊಂದು ಮರ ಎಂದಿಟ್ಟುಕೋ. ಹೊರಟಾಗ ಒಂದೇ ಸಾಲಿನಲ್ಲಿದ್ದವು ಬೇರೆಯಾಗತೊಡಗಿದರೆ ನೀನು ಪಕ್ಕಕ್ಕೆ ಸರಿಯುತ್ತಿದ್ದೀಯ. ಮೊದಲ ಸುತ್ತು ಯಾವಾಗಲೂ ಗಾಳಿ ಬರುವ ದಿಕ್ಕಿನ ಕಡೆಗೆ ಏರಿ ಹೋಗು. ದಣಿದಾಗ ಮನೆಯ ದಾರಿ ಗಾಳಿಯ ಜೊತೆಗಿರಬೇಕು.

ಇನ್ನು ಸಲಕರಣೆ. ಬೋರ್ಡ್‌ಗೂ ಮಾಸ್ಟ್‌ಗೂ, ಅಂದರೆ ಹಾಯಿಯ ಕಂಬಕ್ಕೂ, ನಡುವೆ ಇರುವ ಯೂನಿವರ್ಸಲ್ ಜಾಯಿಂಟ್ ಅಂಗೈಯಗಲದ ತುಂಡು, ಆದರೆ ಇಡೀ ಹಾಯಿ ನಿಂತಿರುವುದು ಅದರ ಮೇಲೆ. ಇಳಿಯುವ ಮುನ್ನ ಪ್ರತಿ ಸಲ ಅದನ್ನು ಬಿಚ್ಚಿ, ನಾಲ್ಕೂ ದಿಕ್ಕಿಗೆ ಬಗ್ಗಿಸಿ ಬೆಳಕಿಗೆ ಹಿಡಿದು ನೋಡು. ರಬ್ಬರಿನಂಥ ಆ ದಿಂಡು ಬೋಲ್ಟ್ ಒಳಹೋಗುವ ಜಾಗದಲ್ಲೇ ಮೊದಲು ಸೀಳುತ್ತದೆ. ಕೂದಲೆಳೆಯಂಥ ಬಿರುಕು, ಅಂಟಂಟು ಮೇಲ್ಮೈ, ಬಣ್ಣ ಕೆಟ್ಟ ಪಟ್ಟಿ ಯಾವುದು ಕಂಡರೂ ಬದಲಿಸು. ಪಕ್ಕದಲ್ಲಿರುವ ಸುರಕ್ಷತಾ ಪಟ್ಟಿಯ ಹೊಲಿಗೆಯೂ ಗಟ್ಟಿಯಿರಲಿ. ದಿಂಡು ತುಂಡಾದರೂ ಆ ಪಟ್ಟಿ ಇದ್ದರೆ ಬೋರ್ಡ್ ಮತ್ತು ಹಾಯಿ ಒಟ್ಟಿಗೇ ಉಳಿಯುತ್ತವೆ. ಅದೂ ಹರಿದು ಬೇರೆಯಾದರೆ ಹಾಯಿಯನ್ನು ಮರೆತು ಕೂಡಲೇ ಬೋರ್ಡಿನ ಕಡೆಗೆ ಈಜು. ಖಾಲಿ ಬೋರ್ಡ್ ಗಾಳಿಗೆ ಬಲು ಬೇಗ ಜಾರಿಹೋಗುತ್ತದೆ, ಹಾಯಿ ನೀರಲ್ಲಿ ಮುಳುಗಿಕೊಂಡು ನಿಧಾನವಾಗಿ ಸಾಗುತ್ತದೆ.

ಬೋರ್ಡಿನ ತಳದ ರೆಕ್ಕೆಯಾದ ಫಿನ್‌ನ ಸ್ಕ್ರೂ ಬಿಗಿಯಿದೆಯೇ, ಬೋರ್ಡಿನ ಗಾಳಿರಂಧ್ರದ ಬಿರಡೆ ಮುಚ್ಚಿದೆಯೇ ನೋಡು. ಬಿಸಿಲಿಗೆ ತೆರೆದಿಟ್ಟಿದ್ದನ್ನು ಮರೆತು ಇಳಿದರೆ ಒಳಗೆ ನೀರು ತುಂಬುತ್ತದೆ. ಕೈಯಲ್ಲಿ ಹಿಡಿಯುವ ಅಡ್ಡಕೋಲು ಬೂಮ್, ಬೋರ್ಡಿನ ಮೇಲೆ ನಿಂತಾಗ ನಿನ್ನ ಭುಜ ಮತ್ತು ಗಲ್ಲದ ನಡುವೆ ಬರಬೇಕು. ಹಾಯಿಯನ್ನು ಮಾಸ್ಟ್ ಬುಡಕ್ಕೆ ಎಳೆದು ಬಿಗಿಯುವ ಡೌನ್‌ಹಾಲ್ ಹಗ್ಗ ಸವೆದಿದ್ದರೆ ಅಂದೇ ಬದಲಿಸು. 4 ಮಿ.ಮೀ. ದಪ್ಪದ ಹಗ್ಗ ಎರಡು ಮೂರು ಮೀಟರ್ ಸೊಂಟದಲ್ಲಿರಲಿ: ಡೌನ್‌ಹಾಲ್‌ಗೂ ಆಗುತ್ತದೆ, ಗೆಳತಿಯ ಬೋರ್ಡ್ ಎಳೆದು ತರಲೂ ಆಗುತ್ತದೆ. ಲೈಫ್ ಜಾಕೆಟ್‌ಗೆ ಸೀಟಿ ಕಟ್ಟಿಕೋ. ಮೊಬೈಲ್ ನೀರು ಹೋಗದ ಚೀಲದಲ್ಲಿ ಮೈಮೇಲೇ ಇರಲಿ, ಆ ತೀರದ ರಕ್ಷಣಾ ಪಡೆಯ ಸಂಖ್ಯೆ ಮೊದಲೇ ಅದರಲ್ಲಿರಲಿ. ಪಾದಕ್ಕೆ ತೆಳು ಬೂಟು ಬೇಕು. ಚಿಪ್ಪು, ಕಲ್ಲು, ಕಡಲ ಮುಳ್ಳುಚೆಂಡು ಬರಿಗಾಲಿಗೆ ಒಳ್ಳೆಯದಲ್ಲ. ನೀರು ತಣ್ಣಗಿದ್ದರೆ ವೆಟ್‌ಸೂಟ್ ಇಲ್ಲದೆ ಇಳಿಯಬೇಡ. ಮೈ ನಡುಗತೊಡಗಿ, ಬೆರಳು ಗಂಟು ಬಿಚ್ಚಲು ತಡವರಿಸಿದರೆ ತಕ್ಷಣ ವಾಪಸ್ಸು.

ಅಲೆ ಮುರಿಯುವಲ್ಲಿ ಒಂದೇ ಒಂದು ನಿಯಮ: ಅಲೆಗೂ ಬೋರ್ಡಿಗೂ ನಡುವೆ ನಿನ್ನ ಮೈ ಇರಲಿ, ಬೋರ್ಡಿನ ದಡದ ಬದಿಗೆ ಎಂದೂ ನಿಲ್ಲಬೇಡ. ಮೊಣಕಾಲೆತ್ತರದ ಅಲೆಯೂ ಬೋರ್ಡನ್ನು ಎತ್ತಿ ಕಾಲಿಗೆ ಬಡಿಯಬಲ್ಲದು. ಬೀಳುವಾಗ ತಲೆ ಮುಂದಾಗಿ ಧುಮುಕದೆ ಅಗಲವಾಗಿ ಬೀಳು, ತಳ ಎಷ್ಟು ಆಳವೆಂದು ಗೊತ್ತಿರುವುದಿಲ್ಲ. ಹಾಯಿ ನಿನ್ನ ಮೇಲೆ ಬಿದ್ದರೆ ಕೈಯಿಂದ ಅದನ್ನು ಮೇಲೆತ್ತು, ಉಸಿರಾಡಲು ಜಾಗವಾಗುತ್ತದೆ. ಆಮೇಲೆ ಹಾಯಿಯ ಬಟ್ಟೆಯಲ್ಲಿರುವ ಒಂದು ಬ್ಯಾಟನ್ ಕಡ್ಡಿ ಹಿಡಿದು ಒಂದೇ ದಿಕ್ಕಿಗೆ ಸರಿ, ಅಂಚು ಸಿಕ್ಕೇ ಸಿಗುತ್ತದೆ. ಬೂಮಿನ ಹಗ್ಗಕ್ಕೆ ಕೊಕ್ಕೆ ಹಾಕಿ ಮೈಭಾರ ಬಿಡುವ ಪಟ್ಟಿ, ಅಂದರೆ ಹಾರ್ನೆಸ್, ಕಲಿಯತೊಡಗಿದ ಮೇಲೆ ಅದರ ಕೊಕ್ಕೆಗೆ ಹಗ್ಗ ಸುತ್ತಿಕೊಳ್ಳುವುದುಂಟು. ಎಳೆದಾಡಿದರೆ ಅದು ಇನ್ನೂ ಬಿಗಿಯುತ್ತದೆ. ಹಾರ್ನೆಸ್‌ನ ಬಕಲ್ ಕಣ್ಣು ಮುಚ್ಚಿಕೊಂಡು ಒಂದೇ ಕೈಯಲ್ಲಿ ಬಿಚ್ಚುವುದನ್ನು ದಡದಲ್ಲೇ ಅಭ್ಯಾಸ ಮಾಡು.

ನೀರಿನ ಮೇಲಿನ ದಾರಿ ನಿಯಮ ಗೊತ್ತಿರಬೇಕು. ಬಲಗೈ ಮಾಸ್ಟ್‌ಗೆ ಹತ್ತಿರವಿದ್ದರೆ ನೀನು ಸ್ಟಾರ್‌ಬೋರ್ಡ್ ಟ್ಯಾಕ್‌ನಲ್ಲಿದ್ದೀಯ, ಅಂದರೆ ಗಾಳಿ ಬೋರ್ಡಿನ ಬಲಬದಿಯಿಂದ ಬರುತ್ತಿದೆ, ಎಡಗೈ ಮುಂದಿರುವ ಹಾಯಿಯವರು ನಿನಗೆ ದಾರಿ ಬಿಡಬೇಕು. ಇಬ್ಬರದೂ ಒಂದೇ ಕೈಯಾದರೆ ಗಾಳಿ ಬರುವ ಬದಿಯಲ್ಲಿರುವವರು ಬಿಡಬೇಕು. ಹಿಂದಿಕ್ಕುವವರು ಯಾವಾಗಲೂ ಸರಿದುಕೊಂಡೇ ಹೋಗಬೇಕು. ಹಡಗಿನ ಕಾಲುವೆಯಿಂದ ದೂರವಿರು, ಅವುಗಳಿಗೆ ನಿನಗಾಗಿ ತಿರುಗಲೂ ನಿಲ್ಲಲೂ ಆಗುವುದಿಲ್ಲ. ಮೀನುಬಲೆಯ ತೇಲುಬುರುಡೆ ಕಂಡರೆ ಬಳಸಿ ಹೋಗು, ಫಿನ್‌ಗೆ ಹಗ್ಗ ಸಿಕ್ಕಿದರೆ ಬೋರ್ಡ್ ಗಕ್ಕನೆ ನಿಂತು ನೀನು ಮುಂದಕ್ಕೆ ಎಸೆಯಲ್ಪಡುತ್ತೀಯ. ಗುಡುಗು ಕೇಳಿದರೆ ಆ ಕ್ಷಣವೇ ದಡಕ್ಕೆ ಬಾ. ಬಯಲು ನೀರಿನಲ್ಲಿ ಎಲ್ಲಕ್ಕಿಂತ ಎತ್ತರಕ್ಕಿರುವುದು ನಿನ್ನ ಮಾಸ್ಟ್, ಅದರಲ್ಲಿರುವ ಕಾರ್ಬನ್ ವಿದ್ಯುತ್ ಹರಿಸುತ್ತದೆ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯದೆ ಮತ್ತೆ ಇಳಿಯಬೇಡ.

ಇಷ್ಟೆಲ್ಲ ಮಾಡಿಯೂ ಸಿಕ್ಕಿಕೊಂಡೆ ಎಂದಿಟ್ಟುಕೋ. ಇದನ್ನು ಎರಡು ಸಲ ಓದು. ಬೋರ್ಡ್ ಬಿಟ್ಟು ಈಜಬೇಡ. ದಡ ಎಷ್ಟೇ ಹತ್ತಿರ ಕಂಡರೂ ಬಿಡಬೇಡ. ಅದು ನಿನ್ನನ್ನು ತೇಲಿಸುತ್ತದೆ, ಹುಡುಕುವವರಿಗೆ ದೂರದಿಂದ ಕಾಣುವುದೂ ಅದೇ. ಮೊದಲು ಅದರ ಮೇಲೆ ಕೂತು ಉಸಿರು ಸುಧಾರಿಸಿಕೋ. ನೀರಲ್ಲಿ ಬಿದ್ದಿರುವ ಹಾಯಿ ಲಂಗರಿನಂತೆ ನಿನ್ನ ಜಾರುವಿಕೆಯನ್ನು ತಡೆಯುತ್ತಿರುತ್ತದೆ, ಅವಸರದಲ್ಲಿ ಅದನ್ನು ಕಳಚಿ ಎಸೆಯಬೇಡ. ತೋಳಲ್ಲಿ ಇನ್ನೂ ಶಕ್ತಿಯಿರುವಾಗಲೇ ತೀರ್ಮಾನ ಮಾಡು. ಹಾಯಿ ಎತ್ತುವ ಹಗ್ಗವಾದ ಅಪ್‌ಹಾಲನ್ನು ಇಪ್ಪತ್ತು ಸಲ ಎಳೆದು ಸೋತ ಮೇಲೆ ಹುಟ್ಟು ಹಾಕಲು ಕೈ ಬರುವುದಿಲ್ಲ. ಗಾಳಿ ಹಗುರವಾಗಿದ್ದರೆ ಹಾಯಿಯನ್ನು ಬೋರ್ಡಿನ ಹಿಂಭಾಗಕ್ಕೆ ಎಳೆದುಕೋ, ಬೂಮ್ ಬೋರ್ಡಿನ ಮೇಲೆ ಕೂತು ಹಾಯಿ ಆದಷ್ಟು ನೀರಿನಿಂದ ಮೇಲಿರಲಿ, ನೀನು ಮುಂದೆ ಬೋರಲು ಮಲಗಿ ಎರಡೂ ಕೈಯಿಂದ ಹುಟ್ಟು ಹಾಕು. ಗಾಳಿ ಜೋರಾಗಿದ್ದು ದೂರವೂ ಇದ್ದರೆ ಹಾಯಿಯನ್ನು ಬೂಮಿನ ತುದಿಗೆ ಬಿಗಿಯುವ ಔಟ್‌ಹಾಲ್ ಹಗ್ಗ ಬಿಚ್ಚಿ, ಹಾಯಿಯನ್ನು ಹೊರ ಅಂಚಿನಿಂದ ಮಾಸ್ಟ್ ಕಡೆಗೆ ಬಿಗಿಯಾಗಿ ಸುತ್ತಿ, ಬೂಮನ್ನು ಮಾಸ್ಟ್ ಜೊತೆ ಮಡಚಿ ಅದೇ ಹಗ್ಗದಿಂದ ಕಟ್ಟಿ, ಬೋರ್ಡಿನ ಉದ್ದಕ್ಕೆ ಇಟ್ಟುಕೊಂಡು ಹೊರಡು. ಹೊರಟ ಜಾಗಕ್ಕೇ ತಲುಪಬೇಕೆಂಬ ಹಟ ಬೇಡ, ಹರಿವಿಗೆ ಓರೆಯಾಗಿ ಯಾವ ದಡ ಸಿಕ್ಕರೂ ಸರಿ. ಹಾಯಿಯಿಂದಾಗಿ ಜೀವಕ್ಕೇ ಕುತ್ತು ಎಂದಾದಾಗ ಮಾತ್ರ ಅದನ್ನು ಬಿಟ್ಟುಬಿಡು, ಹೊಸದು ಕೊಳ್ಳೋಣ.

ಸಹಾಯ ಬೇಕಾದಾಗ ಎರಡೂ ತೋಳುಗಳನ್ನು ಪಕ್ಕಕ್ಕೆ ಚಾಚಿ, ನಿಧಾನವಾಗಿ ಮೇಲೆ ಕೆಳಗೆ ಆಡಿಸು. ಇದು ಎಲ್ಲ ದೇಶದ ನಾವಿಕರಿಗೂ ಗೊತ್ತಿರುವ ಅಪಾಯದ ಗುರುತು. ಒಂದೇ ಕೈ ಬೀಸಿದರೆ ಸುಮ್ಮನೆ ಟಾಟಾ ಮಾಡುತ್ತಿದ್ದಾಳೆ ಎಂದುಕೊಳ್ಳುತ್ತಾರೆ. ದಡದಲ್ಲಿ ಒಬ್ಬರಿಗಾದರೂ ಎಷ್ಟು ಗಂಟೆಗೆ ಬರುತ್ತೀಯೆಂದು ಹೇಳಿಯೇ ಇಳಿ. ಬೇರೆ ದಡ ಹತ್ತಿದರೆ ಮೊದಲ ಕೆಲಸ ಅವರಿಗೆ ಫೋನ್, ಇಲ್ಲವಾದರೆ ನೀನು ಬಟ್ಟೆ ಬದಲಿಸುತ್ತಿರುವಾಗ ಅಲ್ಲಿ ದೋಣಿಗಳು ನಿನ್ನನ್ನು ಹುಡುಕುತ್ತಿರುತ್ತವೆ.

ಮೊದಲ ದಿನ ಮೊಣಕಾಲಾಳದ ನೀರಿನಲ್ಲಿ ಈ ಹಾಯಿ ಸುತ್ತುವ ಕೆಲಸವನ್ನು ಒಮ್ಮೆ ಪೂರ್ತಿ ಮಾಡಿ ನೋಡು. ಗೆಳತಿಯರಿಗೂ ಮಾಡಿಸು. ಜಾಯಿಂಟ್ ಬಿಚ್ಚಿದಾಗ ದಿಂಡಿನ ಬುಡದ ಫೋಟೊ ಹತ್ತಿರದಿಂದ ತೆಗೆದು ಕಳಿಸು, ಬದಲಿಸಬೇಕೋ ಬೇಡವೋ ನಾನೂ ನೋಡುತ್ತೇನೆ.

ನಿನ್ನ
ಅಪ್ಪ