ನರಕ್ಕೆ ತಗುಲಿದರೆ ಎಂದು ಕೇಳಿದ್ದೀಯಲ್ಲ

ಬೆಂಗಳೂರು

ಚಿ. ಕಾವ್ಯಾಗೆ ದೊಡ್ಡಮ್ಮನ ಆಶೀರ್ವಾದ.

ನಿನ್ನ ಕಾಗದದ ಕೊನೆಯ ಸಾಲು ಓದಿ ರಾತ್ರಿ ನಿದ್ದೆ ಬರಲಿಲ್ಲ. ‘ನನ್ನ ಸೂಜಿ ನರಕ್ಕೆ ತಗುಲಿ ಯಾರದಾದರೂ ಕಾಲು ಹೋದರೆ?’ ಹೆದರಬೇಡ ಎಂದು ಸುಮ್ನೆ ಬರೆದುಬಿಡಲು ನನ್ನಿಂದ ಆಗುತ್ತಿಲ್ಲ.

1984ರಲ್ಲಿ ಇಲ್ಲೇ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ನರ್ಸ್ ಆಗಿದ್ದೆ. ಜ್ವರದ ಹುಡುಗ, ಏಳೆಂಟು ವರ್ಷ. ಸೊಂಟದಲ್ಲಿ ಮಾಂಸವೇ ಇರಲಿಲ್ಲ. ಸೂಜಿ ಇಳಿದ ಕೂಡಲೇ ಪಾದದವರೆಗೂ ಕರೆಂಟು ಹೊಡೆದ ಹಾಗೆ ಕಿರುಚಿದ. ಮಕ್ಕಳು ಅಳೋದು ಇದ್ದದ್ದೇ ಅಲ್ವಾ ಅಂದುಕೊಂಡು ಔಷಧಿ ಪೂರ್ತಿ ತಳ್ಳಿದೆ. ಮರುದಿನ ಅವನ ಪಾದ ಮೇಲೇಳಲಿಲ್ಲ. ಸಯಾಟಿಕ್ ನರ. ಮೈಯಲ್ಲೇ ಎಲ್ಲಕ್ಕಿಂತ ದಪ್ಪನೆಯದು. ಸೊಂಟದ ಹಿಂದೆ, ಕೆಳಗೆ ಒಳಬದಿಗೆ ಇಳಿಯುತ್ತದೆ. ಪರೀಕ್ಷೆಯಲ್ಲಿ ಅದರ ಚಿತ್ರ ಬರೆದು ಒಳ್ಳೆಯ ಮಾರ್ಕು ತೆಗೆದವಳು ನಾನು.

ಪೆಟ್ಟಾದ ನರ ಮತ್ತೆ ಬೆಳೆದರೂ ದಿನಕ್ಕೆ ಸುಮಾರು 1 ಮಿಲಿಮೀಟರ್. ಸೊಂಟದಿಂದ ಮೊಣಕಾಲ ಕೆಳಗಿನವರೆಗೆ ಎಷ್ಟು ದಿನವಾಯಿತು, ಲೆಕ್ಕ ಹಾಕು. ನಾನು ಎಷ್ಟೋ ಸಲ ಹಾಕಿದ್ದೇನೆ. ಆದರೆ ಅವನ ಮನೆಗೆ ಒಮ್ಮೆಯೂ ಹೋಗಲಿಲ್ಲ. ಈಗಲೂ ಕಡಲೆಕಾಯಿ ಪರಿಷೆಯಲ್ಲಿ ಯಾರಾದರೂ ಕಾಲೆಳೆದು ನಡೆದರೆ ಮುಖ ನೋಡುತ್ತೇನೆ.

ನಿನಗೆ ಹೇಳುವಷ್ಟು ದೊಡ್ಡವಳೋ ಅಲ್ಲವೋ, ಆದರೂ ಹೇಳುತ್ತೇನೆ. ಪೇಷೆಂಟು ‘ಕರೆಂಟು ಹೊಡೀತು’ ಅಂದರೆ, ‘ಜೋಮು ಹಿಡೀತು’ ಅಂದರೆ, ಆ ಕ್ಷಣವೇ ಸೂಜಿ ತೆಗೆದುಬಿಡು. ವಾದ ಬೇಡ. ಡಾಕ್ಟರಿಗೆ ಹೇಳು, ಬರೆದಿಡು. ನಮ್ಮ ಜನ ರಕ್ತನಾಳಕ್ಕೂ ನರ ಅಂತಲೇ ಅನ್ನುತ್ತಾರೆ, ‘ನರ ಸಿಗ್ತಿಲ್ವಾ ಸಿಸ್ಟರ್’ ಎಂದು ಕೇಳುತ್ತಾರೆ. ಆ ಮಾತು ಪೂರ್ತಿ ತಪ್ಪೂ ಅಲ್ಲ, ಎರಡೂ ಅಷ್ಟು ಹತ್ತಿರ ಇರುತ್ತವೆ. ಮೊಣಕೈ ಮಡಿಚುವಲ್ಲಿ ಒಳಬದಿಗೆ ಆಳಕ್ಕೆ ಹೋದರೆ ಅಪಧಮನಿ, ಅದರ ಪಕ್ಕದಲ್ಲೇ ಅಂಗೈಗೆ ಹೋಗುವ ಮೀಡಿಯನ್ ನರ. ಮಣಿಕಟ್ಟಿನ ಹೆಬ್ಬೆರಳ ಬದಿಯಲ್ಲಂತೂ ನರ ಚರ್ಮದ ಕೆಳಗೇ ಇದೆ. ಅಲ್ಲಿ ಚುಚ್ಚಬೇಡ.

ಕಾಲು ಹೋದರೆ ಅಂತ ಕೇಳಿದೆಯಲ್ಲ. ನನಗೆ ಆ ಭಯ ಅವತ್ತು ಇರಲಿಲ್ಲ ಕಣೇ.

ಸೊಂಟದ ಪಕ್ಕದ ಜಾಗ ನಿಮಗೆ ಕಲಿಸಿರುತ್ತಾರೆ. ಅಲ್ಲಿ ದೊಡ್ಡ ನರವಿಲ್ಲ, ದೊಡ್ಡ ರಕ್ತನಾಳವೂ ಇಲ್ಲ. ಭಾನುವಾರ ಬಾ. ಅಂಗೈ ತೊಡೆಮೂಳೆಯ ಗುಬುಟಿನ ಮೇಲಿಟ್ಟು, ಎರಡು ಬೆರಳು ಅಗಲಿಸಿ, ನನ್ನ ಮೈಮೇಲೇ ಆ ಜಾಗ ಹುಡುಕು. ಈಗ ಸಣ್ಣಗಾಗಿದ್ದೇನೆ, ಮೂಳೆ ಬೇಗ ಸಿಗುತ್ತದೆ.

ನಿನ್ನ ದೊಡ್ಡಮ್ಮ