ಮಗಳಿಗೊಂದು ಪತ್ರ: ಮಂಜರೂರಿನಿಂದ ಹೊರಟವಳು

ಮಂಗಳೂರು, ಭಾನುವಾರ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಗೊಣಗಿದ್ದು ಇನ್ನೂ ಕಿವಿಯಲ್ಲಿದೆ. ಮಧ್ಯಯುಗದ ಸಮಾಜ ಎಂಬ ಪಾಠಕ್ಕೆ ಆಡಳಿತ, ಧರ್ಮ, ವ್ಯಾಪಾರ ಎಂದು ಮೂರು ಕಲಂ ಎಳೆದು ತುಂಬಿಸಲು ಹೇಳಿದ್ದಾರೆ, ಯಾವುದನ್ನು ಎಲ್ಲಿ ಹಾಕುವುದೋ ತಿಳಿಯುತ್ತಿಲ್ಲ ಎಂದೆ. ಬಂದರಿನ ಅಡಿಕೆ ಮಂಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವನು ನಾನು, ಕಲಂ ಎಳೆಯುವುದು ನನಗೆ ಹೊಸದಲ್ಲ. ಆದರೂ ಯಾವ ಕಲಮಿನಲ್ಲೂ ಕೂರದ ಲೆಕ್ಕವೊಂದನ್ನು ಹೇಳುತ್ತೇನೆ. ನಮ್ಮ ಊರಿನದೇ.

ಹನ್ನೆರಡನೆಯ ಶತಮಾನ, ಆಳುಪರ ಆಳ್ವಿಕೆ. ಇಂದಿನ ಟ್ಯುನೀಷಿಯಾದ ಮಹ್ದಿಯಾದಲ್ಲಿ ಹುಟ್ಟಿದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕ ಯೆಮನ್ನಿನ ಏಡನ್ ಬಂದರು ದಾಟಿ ಇಲ್ಲಿಗೆ ಬಂದ. 1132ರಲ್ಲಿ ಆತ ಮಂಗಳೂರಿನಲ್ಲಿದ್ದ. ನಡುವೆ ಒಂದಷ್ಟು ಕಾಲ ಬಿಟ್ಟರೆ 1149ರವರೆಗೆ ಈ ಕರಾವಳಿಯೇ ಅವನ ಮನೆ. ಅರಬ್ಬರ ಬಾಯಲ್ಲಿ ಆಗ ನಮ್ಮ ಊರು ಮಂಜರೂರು.

ಇದೆಲ್ಲ ತಿಳಿದದ್ದು ಹೇಗೆಂದು ಕೇಳುತ್ತೀಯೆ. ದೇವರ ಹೆಸರಿರುವ ಬರಹವನ್ನು ಎಸೆಯಬಾರದೆಂಬುದು ಯೆಹೂದಿಗಳ ನಂಬಿಕೆ. ಹಾಗಾಗಿ ಹಳೆಯ ಕೈರೋದ ಬೆನ್ ಎಜ್ರಾ ಪ್ರಾರ್ಥನಾಮಂದಿರದ ಕೋಣೆಯೊಂದರಲ್ಲಿ ಶತಮಾನಗಳ ಕಾಲ ಕಾಗದ ತುಂಬುತ್ತಾ ಹೋದರು. ಧರ್ಮಗ್ರಂಥದ ಹಾಳೆಗಳ ಜೊತೆಗೆ ಸಾಲದ ಚೀಟಿ, ಸರಕಿನ ಪಟ್ಟಿ, ಮದುವೆಯ ಕರಾರು, ಬೈಗುಳದ ಪತ್ರ, ಎಲ್ಲವೂ ಅಲ್ಲಿ ಸೇರಿದವು. 1896-97ರಲ್ಲಿ ವಿದ್ವಾಂಸ ಸಾಲೊಮನ್ ಶೆಖ್ಟರ್ ಅದರಲ್ಲಿ ಸುಮಾರು 1,93,000 ತುಣುಕುಗಳನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಅವುಗಳ ನಡುವೆ ನಮ್ಮ ಮಂಗಳೂರು ಸಿಕ್ಕಿತು. ವ್ಯಾಪಾರದ ಕಾಗದವನ್ನು ಉಳಿಸಿದ್ದು ಧರ್ಮ, ನೋಡು. ಇದನ್ನು ಯಾವ ಕಲಮಿಗೆ ಹಾಕುತ್ತೀಯೆ?

ಬೆನ್ ಯಿಜು ಇಲ್ಲಿಂದ ಕಾಳುಮೆಣಸು, ಕಬ್ಬಿಣ, ಏಲಕ್ಕಿ, ಅಡಿಕೆ ಕಳಿಸುತ್ತಿದ್ದ. (ಅಡಿಕೆ ಎಂದು ಓದಿದಾಗ ನನಗಾದ ಖುಷಿಯನ್ನು ಅಮ್ಮ ಇನ್ನೂ ಆಡಿಕೊಳ್ಳುತ್ತಾಳೆ.) ಕಂಚಿನ ಪಾತ್ರೆಗಳ ಕಾರ್ಖಾನೆಯನ್ನೂ ನಡೆಸುತ್ತಿದ್ದ. ಏಡನ್ನಿನವರು ಒಡೆದ ತಾಮ್ರದ ಪಾತ್ರೆಗಳನ್ನು ಹಡಗಿಗೆ ಹಾಕಿ, ಕರಗಿಸಿ ಹೊಸದು ಮಾಡಿಕೊಡು ಎಂದು ಬರೆಯುತ್ತಿದ್ದರು. ಒಬ್ಬನಿಗೆ ದೀಪಸ್ತಂಭ ಬೇಕು, ಅದರ ಕಂಬ ಎಂಟು ಮೂಲೆಯದಾಗಿ ದಪ್ಪಗಿರಬೇಕು! ಆಚೆಯಿಂದ ಇವನಿಗೆ ಒಣದ್ರಾಕ್ಷಿ, ಸಕ್ಕರೆ, ಮುಖ್ಯವಾಗಿ ಕಾಗದ ಬರುತ್ತಿತ್ತು. ಇಲ್ಲಿ ಬರವಣಿಗೆಗೆ ಇದ್ದದ್ದು ತಾಳೆಗರಿ. ಆದ್ದರಿಂದಲೇ ಆತ ಬಂದ ಪತ್ರಗಳ ಬೆನ್ನನ್ನೂ ಬಿಡದೆ ಲೆಕ್ಕ ಗೀಚಿದ. ಜಿಪುಣತನ ನನಗೆ ಹಿಡಿಸಿತು.

ಏಡನ್ನಿನಲ್ಲಿ ಅವನ ದೊಡ್ಡ ಆಸರೆ ಮದ್ಮೂನ್. ಆತ ವರ್ತಕರ ಪ್ರತಿನಿಧಿಯೂ ಹೌದು, ಬಂದರಿನ ಸುಂಕದ ಮುಖ್ಯಸ್ಥನೂ ಹೌದು. 1135ರಲ್ಲಿ ಪರ್ಷಿಯನ್ ಕೊಲ್ಲಿಯ ಕಿಶ್ ದ್ವೀಪದ ದೊರೆಯ ಹಡಗುಗಳು ಏಡನ್ನನ್ನು ಎರಡು ತಿಂಗಳು ಕಾಡಿದಾಗ, ಅವನ್ನು ಓಡಿಸಲು ನೆರವಾದದ್ದು ಇರಾನಿನ ಬಂದರು ಸಿರಾಫಿನ ಮುಸ್ಲಿಂ ವರ್ತಕ ರಾಮಿಷ್ತನ ಎರಡು ಹಡಗುಗಳು. ಇದೇ ರಾಮಿಷ್ತ ಮೆಕ್ಕಾದ ಕಾಬಾಕ್ಕೆ ಚೀನಾ ಬಟ್ಟೆಯ ಹೊದಿಕೆ ಕೊಟ್ಟವನು. ಒಬ್ಬನೇ ಮನುಷ್ಯ, ನಿನ್ನ ಮೂರು ಕಲಮಿನಲ್ಲೂ ಇದ್ದಾನೆ.

ಇನ್ನು ನನ್ನನ್ನು ಹಿಡಿದು ನಿಲ್ಲಿಸಿದ ಕಾಗದ. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬೆನ್ ಯಿಜು ತನ್ನ ಒಬ್ಬ ದಾಸಿಗೆ ಬಿಡುಗಡೆಯ ಪತ್ರ ಬರೆದುಕೊಟ್ಟ. ಅವಳ ಹೆಸರು ಆಶು. ದಾಸಿಯಾಗಿ ಉಳಿದರೆ ಅವಳ ಜೊತೆಗಿನ ಸಂಸಾರವನ್ನು ಅವನ ಧರ್ಮ ಒಪ್ಪುವುದಿಲ್ಲ. ಆದ್ದರಿಂದ ಅವಳಿಗೆ ಸ್ವಾತಂತ್ರ್ಯ, ಬೆರಾಖಾ ಎಂಬ ಹೊಸ ಹೆಸರು, ಹೊಸ ಮತ. ಇದು ಉದಾರತೆಯೋ ಅನುಕೂಲವೋ, ನೀನೇ ತೀರ್ಮಾನಿಸು. ಅವನ ಮಕ್ಕಳ ತಾಯಿ ಅವಳೇ ಎಂದು ವಿದ್ವಾಂಸರು ಹೇಳುತ್ತಾರೆ. ಮಗಳ ಹೆಸರು ಸಿತ್ ಅಲ್-ದಾರ್, ಎಂದರೆ ಮನೆಯೊಡತಿ.

1148ರಲ್ಲಿ ಸಿಸಿಲಿಯ ನಾರ್ಮನ್ ದೊರೆ ಎರಡನೆಯ ರೋಜರನ ಸೈನ್ಯ ಮಹ್ದಿಯಾವನ್ನು ಹಿಡಿಯಿತು. ಬೆನ್ ಯಿಜುವಿನ ಬಂಧುಗಳು ದಿಕ್ಕಾಪಾಲಾಗಿ ಸಿಸಿಲಿ ಸೇರಿದರು. ಮರುವರ್ಷ ಇವನು ಮಕ್ಕಳನ್ನು ಕರೆದುಕೊಂಡು ಏಡನ್ನಿಗೆ ಹೊರಟ. ಸೆಪ್ಟೆಂಬರಿನಲ್ಲಿ ಅಲ್ಲಿಂದ ಒಡಹುಟ್ಟಿದವರಿಗೆ ಪತ್ರ ಬರೆದ: ನನ್ನಲ್ಲಿರುವುದು ನಮಗೆಲ್ಲ ಸಾಕು, ಬನ್ನಿ ಎಂದು. ಬಂದ ತಮ್ಮ ಮುಬಶ್ಶಿರ್ ಸಾವಿರ ದೀನಾರು ನುಂಗಿ ಹಾಕಿದ. ಹೊರಮತದ ವರ್ತಕರ ಜೊತೆ ವರ್ಷಗಟ್ಟಲೆ ವ್ಯವಹಾರ ಮಾಡಿದವನಿಗೆ ಟೋಪಿ ಹಾಕಿದ್ದು ಸ್ವಂತ ತಮ್ಮ. ಮಂಡಿಯಲ್ಲಿ ಇಂಥದನ್ನು ಬೇಕಾದಷ್ಟು ನೋಡಿದ್ದೇನೆ.

ಆಮೇಲೆ ಮಗ ತೀರಿಕೊಂಡ. ಮಗಳು ಏಡನ್ನಿನ ಸ್ನೇಹಿತರ ಮನೆಯಲ್ಲಿ ಮೂರು ವರ್ಷ ಬೆಳೆದಳು. ಆ ಮನೆಯವರು ತಮ್ಮ ಮಗನಿಗೆ ಅವಳನ್ನು ಕೇಳಿದರು. ಅಪ್ಪ ಒಪ್ಪಲಿಲ್ಲ, ಸಿಸಿಲಿಯಲ್ಲಿದ್ದ ಇನ್ನೊಬ್ಬ ತಮ್ಮ ಯೂಸುಫನ ಮಗನಿಗೇ ಕೊಡುವೆನೆಂದು ಹಟ ಹಿಡಿದ. 1156ರಲ್ಲಿ ಹಳೆಯ ಕೈರೋದಲ್ಲಿ ಮದುವೆಯಾಯಿತು. ಅವಳ ಅಭಿಪ್ರಾಯ ಯಾವ ಕಾಗದದಲ್ಲೂ ಇಲ್ಲ. ಮಂಗಳೂರಿನ ಹುಡುಗಿಯೊಬ್ಬಳು ಕಾಳುಮೆಣಸಿನ ದಾರಿಯಲ್ಲಿ ಹೊರಟು, ಯಾರೋ ರಾಜ ಯಾವುದೋ ಕೋಟೆ ಹಿಡಿದದ್ದಕ್ಕೆ, ಅಪ್ಪನ ಕುಲದ ಹುಡುಗನಿಗೇ ಸಲ್ಲಬೇಕೆಂಬ ಕಾರಣಕ್ಕೆ, ನೈಲ್ ನದಿಯ ದಡ ಸೇರಿದಳು.

ಆಶು ಏನಾದಳು? ಅವಳು ಹಡಗು ಹತ್ತಿದ ಸುಳಿವೇ ಇಲ್ಲ. ಪ್ರಯಾಣಕ್ಕೆ ಕಟ್ಟಿದ ಸಾಮಾನಿನ ಪಟ್ಟಿ ಉಳಿದಿದೆ, ಅದರಲ್ಲಿ ಅಕ್ಕಿಯೂ ಇದೆ, ಇವಳಿಲ್ಲ. ಇಲ್ಲೇ ಉಳಿದು ಮಗಳಿಗೆ ಯಾರಿಂದಲಾದರೂ ಒಂದು ಓಲೆ ಬರೆಸಿದ್ದಳೇ ಎಂದು ಮಧ್ಯರಾತ್ರಿಯವರೆಗೂ ಯೋಚಿಸಿದೆ. ಇಲ್ಲಿಯ ಜಡಿಮಳೆಗೆ ತಾಳೆಗರಿ ಎಷ್ಟು ದಿನ ತಡೆದೀತು? ಈಜಿಪ್ಟಿನ ಒಣಹವೆಯಲ್ಲಿ ಅಪ್ಪನ ಕಾಗದಗಳು ಮಾತ್ರ ಉಳಿದವು.

ಅಮ್ಮನಿಗೂ ಏನೋ ಬರೆಯುವುದಿದೆಯಂತೆ, ನನ್ನ ಕೈಯಲ್ಲಿ ಹೇಳಿ ಬರೆಸಲಾರಳಂತೆ. ಹಾಳೆಯ ಹಿಂಬದಿಯನ್ನು ಖಾಲಿ ಬಿಟ್ಟಿದ್ದೇನೆ.

ನಿನ್ನ ಅಪ್ಪ