ಮಾತ್ರೆ ಕೊಡುವ ಮುಂಚೆ ಒಂದು ಮಾತು ಕೇಳಿದ ಅಕ್ಕನಿಗೆ

ಔಷಧಿ ಕೌಂಟರಿನಲ್ಲಿದ್ದ ಅಕ್ಕಾ, ನಿಮ್ಮ ಹೆಸರು ಗೊತ್ತಿಲ್ಲ, ತುಂಬಾ ಥ್ಯಾಂಕ್ಸ್. ಅಪ್ಪನ ಮಂಡಿನೋವಿಗೆ ಬರೆದಿದ್ದ ಡೈಕ್ಲೋಫೆನಾಕ್ ಸುಮ್ನೆ ಕೊಟ್ಟು ಕಳಿಸಬಹುದಿತ್ತು. "ಬೇರೆ ಮಾತ್ರೆ ಏನಾದರೂ ತಗೋತಾರಾ?" ಅಂತ ಕೇಳಿದಿರಿ. ಇನ್ನೊಬ್ಬ ಡಾಕ್ಟರ್ ಬರೆದ ವಾರ್ಫರಿನ್ ತಗೋತಾರೆ ಅಂದ ತಕ್ಷಣ ಕೈಯಲ್ಲಿದ್ದ ಸ್ಟ್ರಿಪ್ ಪಕ್ಕಕ್ಕಿಟ್ಟು ಡಾಕ್ಟರಿಗೆ ನೀವೇ ಫೋನ್ ಮಾಡಿದಿರಿ. ವಾರ್ಫರಿನ್ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ, ಡೈಕ್ಲೋಫೆನಾಕ್ ಹೊಟ್ಟೆಯ ಒಳಪದರಕ್ಕೆ ಪೆಟ್ಟು ಕೊಟ್ಟು, ರಕ್ತ ನಿಲ್ಲಿಸುವ ಪ್ಲೇಟ್‌ಲೆಟ್ ಕೆಲಸಕ್ಕೂ ಅಡ್ಡಿ ಮಾಡುತ್ತದೆ, ಎರಡೂ ಸೇರಿದರೆ ಒಳಗೇ ರಕ್ತಸ್ರಾವ ಆಗುವ ಅಪಾಯ ಜಾಸ್ತಿ, ಮಲ ಟಾರಿನಂತೆ ಕಪ್ಪಗಾದರೆ ಕಾಯದೆ ಆಸ್ಪತ್ರೆಗೆ ಓಡಿ ಅಂತ ಬಿಡಿಸಿ ಹೇಳಿದಿರಿ. ಹಿಂದೆ ಸಾಲು ಬೆಳೆಯುತ್ತಿದ್ದರೂ ಅವಸರ ಮಾಡಲಿಲ್ಲ. ಡಾಕ್ಟರ್ ಮಾತ್ರೆ ಬದಲಿಸಿದರು. ಇಬ್ಬರು ಡಾಕ್ಟರ ಚೀಟಿಗಳನ್ನು ಒಟ್ಟಿಗೆ ಇಟ್ಟು ನೋಡುವವರು ಬೇಕೇ ಬೇಕು, ಅಲ್ವಾ? ಅಪ್ಪ ಈಗ ಎಲ್ಲ ಮಾತ್ರೆಗಳ ಪಟ್ಟಿ ಜೇಬಿನಲ್ಲೇ ಇಟ್ಟುಕೊಳ್ಳುತ್ತಾರೆ, ನೀವು ಹೇಳಿದ್ದಕ್ಕೇ.